ಗುಡಾಣದ ಮೇಲೆ ಸರ್ವಮಂಗಳಮ್ಮನ ಇಳಿಕೆ

ನಮ್ಮೂರಿನಲ್ಲಿ ಕೋರ್ಟಿಲ್ಲ, ಪಂಚಾಯ್ತಿ ಕಟ್ಟೆಯೂ ಇಲ್ಲ. ಇಳಿಕೆ ಮನೆ ಇದೆ. ಇಬ್ಬರ ನಡುವೆ ಜಗಳ ಬಂದು ಬಾಯಲ್ಲಿ ಬಗೆಹರಿಯದೆ ಹೋದರೆ, ಇಬ್ಬರೂ ಅಲ್ಲಿಗೆ ಬಂದು ಅಕ್ಕಪಕ್ಕದ ಎರಡು ಕುರ್ಚಿಗಳಲ್ಲಿ ಕೂತು, ಎದುರಿನ ಎರಡು ಪರದೆಗಳ ಮೇಲೆ ಒಂದೊಂದು ಆಕಾಶನೌಕೆಯನ್ನು ಗುಡಾಣದ ಮೇಲೆ ಇಳಿಸಬೇಕು. ಗುಡಾಣ ಅಂದರೆ ಆ ಕಂಪ್ಯೂಟರ್ ಆಟದೊಳಗಿನ ಒಂದು ಗ್ರಹ. ಆಟ ಮಾಡಿದವರು ಅದಕ್ಕೆ ಇಟ್ಟ ಹೆಸರು ಬರೀ ಅಂಕಿಗಳು. ರಾಗಿ ತುಂಬಿಡುವ ಗುಡಾಣದ ಹಾಗೆ ದಪ್ಪಗೆ, ಕಂದು ಬಣ್ಣಕ್ಕೆ ಇರುವುದರಿಂದ ನಮ್ಮವರು ಹಾಗೆ ಕರೆದರು. ಅದರ ಸೆಳೆತ ವಿಪರೀತ. ನಮ್ಮೂರಿನ ಒಂದು ಕೊಡ ನೀರು ಅಲ್ಲಿ ಎಂಟು ಕೊಡದ ಭಾರ. ಹಡಗನ್ನು ಒಡೆಯದೆ ಇಳಿಸಿದವರ ಮಾತು ನಡೆಯುತ್ತದೆ, ಒಡೆದುಕೊಂಡವರ ಮಾತು ಬೀಳುತ್ತದೆ. ಇಬ್ಬರೂ ಇಳಿಸಿದರೆ, ಇಲ್ಲವೇ ಇಬ್ಬರೂ ಒಡೆದುಕೊಂಡರೆ, ಇದ್ದದ್ದು ಇದ್ದ ಹಾಗೇ.

ನಾನು ಆ ಮನೆಯ ಗುಮಾಸ್ತ, ಪಂಚಾಕ್ಷರಿ. ಬೆಳಿಗ್ಗೆ ಹತ್ತಕ್ಕೆ ಗಂಟೆ ಹೊಡೆಯುವುದು, ಹಿಡಿಕೆಗಳ ಧೂಳು ಒರೆಸುವುದು, ಯಾರು ಇಳಿಸಿದರು ಯಾರು ಒಡೆದುಕೊಂಡರು ಎಂದು ಬರೆದಿಡುವುದು ನನ್ನ ಕೆಲಸ. ಇಪ್ಪತ್ತೆರಡು ವರ್ಷದಲ್ಲಿ ನಾನು ನೋಡದ ಇಳಿಕೆಯಿಲ್ಲ. ಕನ್ನಡಿಯನ್ನು ಯಾವ ಗೋಡೆಗೆ ನೇತುಹಾಕಬೇಕೆಂದು ಜಗಳವಾಡಿ ಬಂದ ಗಂಡ ಹೆಂಡತಿ ಇಬ್ಬರೂ ಒಡೆದುಕೊಂಡರು. ಆ ಕನ್ನಡಿ ಇವತ್ತಿಗೂ ಅವರ ಮಂಚದ ಕೆಳಗೇ ಇದೆ. ಹೆಣ್ಣು ನೋಡಲು ಬಂದವರು ಹಾಡು ಹೇಳಿಸುವುದನ್ನು ಬಿಟ್ಟು "ಹುಡುಗಿ ಗುಡಾಣದ ಮೇಲೆ ಇಳಿಸ್ತಾಳಾ?" ಎಂದು ಕೇಳುತ್ತಾರೆ. ಇಳಿಸುತ್ತಾಳೆ ಅಂದರೆ ಕೆಲವರು ಹುಷಾರಾಗಿ ಎದ್ದು ಹೋಗುತ್ತಾರೆ.

ನಿಯಮಗಳು ಹೆಚ್ಚಿಲ್ಲ. ಬಾಗಿಲ ಮೇಲಿನ ಹಲಗೆಯಲ್ಲಿ ಬರೆದಿವೆ. ಎರಡೂ ಹಡಗುಗಳ ಗತಿ ತೀರ್ಮಾನವಾಗುವ ತನಕ ಯಾರೂ ಕುರ್ಚಿ ಬಿಟ್ಟು ಏಳಬಾರದು, ಎದ್ದವರು ಸೋತ ಹಾಗೆ. ದೀಪ ಹಚ್ಚುವ ಹೊತ್ತಿನೊಳಗೆ ಇಳಿಯಬೇಕು, ಇಳಿಯದ ಹಡಗು ಒಡೆದ ಹಡಗಿಗೆ ಸಮ. ಒಬ್ಬರ ಹಿಡಿಕೆಯನ್ನು ಇನ್ನೊಬ್ಬರು ಮುಟ್ಟಬಾರದು. ಅಷ್ಟೆ.

ಇಂಥ ಊರಿನಲ್ಲಿ ಡ್ರಿಲ್ ಮೇಷ್ಟ್ರು ಓಂಕಾರಪ್ಪನವರಿಗೆ ಸಮನಾಗಿ ಇಳಿಸುವವರು ಒಬ್ಬರೂ ಇರಲಿಲ್ಲ. ಮೂವತ್ತು ವರ್ಷ ಹೈಸ್ಕೂಲಿನ ಮೈದಾನದಲ್ಲಿ ಮಕ್ಕಳನ್ನು ನೆಟ್ಟಗೆ ನಿಲ್ಲಿಸಿ ರಿಟೈರಾದ ಆಳು. ನಿಂತರೆ ಈಗಲೂ ಕೊಡೆಯ ಕಡ್ಡಿ. ಅವರು ಹಡಗು ಇಳಿಸುವುದನ್ನು ನೋಡಬೇಕು: ಎಂಟು ಪಟ್ಟು ಭಾರದ ಹಡಗು ಮಗುವನ್ನು ತೊಟ್ಟಿಲಿಗೆ ಮಲಗಿಸಿದ ಹಾಗೆ ನೆಲ ಮುಟ್ಟುತ್ತದೆ, ಧೂಳು ಕೂಡ ಏಳುವುದಿಲ್ಲ. ತೊಂದರೆ ಏನೆಂದರೆ, ಜಗಳವಿಲ್ಲದೆ ಇಳಿಕೆ ಮನೆಯ ಕುರ್ಚಿಯಲ್ಲಿ ಕೂರುವ ಹಾಗಿಲ್ಲ. ಅಭ್ಯಾಸಕ್ಕೆ ಬೇಕಾದರೆ ಹಿಂದಿನ ಕೋಣೆಯ ಹಳೆಯ ಯಂತ್ರದಲ್ಲೋ ಮನೆಯಲ್ಲೋ ಆಡಿಕೊಳ್ಳಬೇಕು, ನೋಡುವವರಿಲ್ಲ. ಹೀಗಾಗಿ ಮೇಷ್ಟ್ರು ಜಗಳ ಹುಡುಕಿಕೊಂಡು ಬರುತ್ತಿದ್ದರು. ಕ್ಷೌರದಂಗಡಿಯಲ್ಲಿ ಕಿಟಕಿ ಪಕ್ಕದ ಕುರ್ಚಿ ತಮ್ಮದೆಂದು ಗೆದ್ದರು. ಎದುರುಮನೆಯ ಹುಂಜ ಬೇರೆ ದಿಕ್ಕಿಗೆ ಮುಖ ಮಾಡಿ ಕೂಗಬೇಕೆಂದು ಗೆದ್ದರು; ಪಾಪ, ಆ ಮನೆಯವರು ಬೆಳಗಿನ ಜಾವ ಎದ್ದು ಹುಂಜವನ್ನು ತಿರುಗಿಸುತ್ತಾರೆ. ಗೆದ್ದದ್ದರ ಮೇಲೆ ಅವರಿಗೆ ಆಸೆಯೇನೂ ಇರಲಿಲ್ಲ. ಇಳಿಸುವುದಕ್ಕೆ ಒಂದು ನೆಪ ಬೇಕಿತ್ತು.

ಈ ಸಲ ನೆಪ ಸಿಕ್ಕಿದ್ದು ಸರ್ವಮಂಗಳಮ್ಮನ ಹಿಟ್ಟಿನ ಗಿರಣಿ.

ಗಿರಣಿ ಇರುವುದು ಮೇಷ್ಟ್ರ ಮನೆಯ ಗೋಡೆಗೆ ಅಂಟಿಕೊಂಡ ಹಾಗೆ. ಸರ್ವಮಂಗಳಮ್ಮ ಗಂಡ ಹೋದ ಮೇಲೆ ಒಬ್ಬಳೇ ಅದನ್ನು ನಡೆಸಿಕೊಂಡು ಬಂದವಳು. ಬೆಳಿಗ್ಗೆ ಏಳಕ್ಕೆ ಬೆಲ್ಟು ಏರಿಸಿದರೆ ಮಧ್ಯಾಹ್ನ ಊಟಕ್ಕೆ ಒಂದು ಗಂಟೆ ಬಿಟ್ಟು ಸಂಜೆಯ ತನಕ ಬೀಸುವುದೇ. ಹುಬ್ಬಿನ ಮೇಲೂ ಹಿಟ್ಟು ಕೂತು, ಐವತ್ತೆಂಟಕ್ಕೇ ಎಂಬತ್ತರ ಮುದುಕಿಯ ಹಾಗೆ ಕಾಣುತ್ತಾಳೆ. ಸಂಜೆ ಮುಖ ತೊಳೆದರೆ ಇಪ್ಪತ್ತು ವರ್ಷ ಇಳಿಯುತ್ತದೆ. ಮೇಷ್ಟ್ರ ತಕರಾರು ಏನೆಂದರೆ, ಗಿರಣಿಯ ಸದ್ದಿನಲ್ಲಿ ಅವರಿಗೆ ಮನೆಯಲ್ಲಿ ಇಳಿಕೆಯ ಅಭ್ಯಾಸ ಮಾಡಲು ಆಗುತ್ತಿಲ್ಲ. ಹಡಗಿನ ಎಂಜಿನ್ನಿನ ಸದ್ದು ಕೇಳಿಸಿಕೊಂಡೇ ಅವರು ಇಳಿಸುವುದು. ಆದ್ದರಿಂದ ಗಿರಣಿ ಇನ್ನು ಮೇಲೆ ಸಂಜೆ ನಾಲ್ಕರಿಂದ ಆರರ ತನಕ ಮಾತ್ರ ನಡೆಯಬೇಕು.

"ಎರಡು ಗಂಟೆಯಲ್ಲಿ ಊರಿಗೆಲ್ಲ ಹಿಟ್ಟು ಬೀಸಕ್ಕಾಗುತ್ತಾ ಮೇಷ್ಟ್ರೇ?" ಎಂದು ಅವಳು ಕೇಳಿದಳಂತೆ.

"ಆಗಲ್ಲ ಅಂದ್ರೆ ಇಳಿಕೆ ಮನೆ ಇದೆಯಲ್ಲಮ್ಮ" ಎಂದು ಮೇಷ್ಟ್ರು ಸಂತೋಷದಿಂದಲೇ ಹೇಳಿದರಂತೆ.

ವ್ಯಾಜ್ಯಕ್ಕೆ ಎಂಟು ದಿನ ಗಡುವು ಕೊಟ್ಟೆ. ಆ ಎಂಟು ದಿನವೂ ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಸರ್ವಮಂಗಳಮ್ಮ ಹಿಂದಿನ ಕೋಣೆಗೆ ಬಂದಳು. ಅವಳಿಗೆ ಇಷ್ಟು ವರ್ಷದಲ್ಲಿ ಯಾರ ಜೊತೆಗೂ ಜಗಳವಾಗಿರಲಿಲ್ಲ, ಹಡಗು ಇಳಿಸಿಯೇ ಗೊತ್ತಿರಲಿಲ್ಲ. ನಾನು ನನಗೆ ತಿಳಿದಷ್ಟು ಹೇಳಿಕೊಟ್ಟೆ. ಹಡಗಿನ ಹಿಂದೆ ಒಂದು ದೊಡ್ಡ ಎಂಜಿನ್ನಿದೆ, ಅದು ಮುಂದಕ್ಕೆ ನೂಕುತ್ತದೆ. ಹೊಟ್ಟೆಯ ಕೆಳಗೆ ನಾಲ್ಕು ಸಣ್ಣವಿವೆ, ಇಳಿಯುವಾಗ ಮೇಲಕ್ಕೆ ಎತ್ತಿ ಹಿಡಿಯುವುದು ಅವು ಮಾತ್ರ. ಬೇರೆ ಗ್ರಹಗಳಲ್ಲಿ ಅವುಗಳ ಕಸುವು ಧಾರಾಳ, ಗುಡಾಣದ ಮೇಲೆ ಮಾತ್ರ ಅಳೆದು ಸುರಿದ ಹಾಗೆ ಸರಿಯಾಗುತ್ತದೆ. ಒಮ್ಮೆ ವೇಗ ಏರಿತೋ, ತಗ್ಗಿಸುವುದು ಬಹಳ ಕಷ್ಟ. ಎಲ್ಲಕ್ಕಿಂತ ಮುಖ್ಯ, ಮೂತಿ ಕೆಳಗೆ ಮಾಡಬಾರದು.

ಅವಳು ಪ್ರತಿ ಸಲವೂ ಮೂತಿ ಕೆಳಗೆ ಮಾಡಿದಳು.

"ಎಲ್ಲಿಗೆ ಇಳೀತಿದೀನಿ ಅಂತ ನೋಡದೆ ಹೆಂಗೆ ಇಳಿಯೋದು ಪಂಚಾಕ್ಷರಿ? ಮೆಟ್ಟಿಲು ಇಳಿಯೋವಾಗ ನೀನು ಸೂರು ನೋಡ್ತೀಯಾ?"

ಮೂತಿ ಕೆಳಗಾದರೆ ಹೊಟ್ಟೆಯ ಎಂಜಿನ್ನುಗಳು ನೆಲದ ಕಡೆಗಲ್ಲ, ಪಕ್ಕಕ್ಕೆ ಉರಿಯುತ್ತವೆ. ಹಡಗಿಗೆ ಆಸರೆ ತಪ್ಪುತ್ತದೆ. ಮೊದಲ ದಿನ ಆರು ಸಲ ಒಡೆದಳು, ಎರಡನೆಯ ದಿನ ಒಂಬತ್ತು. ಎಂಜಿನ್ನಿನ ಸದ್ದು ಕೇಳಿಸಿಕೊಳ್ಳಿ, ಏದುಸಿರು ಬಿಡುತ್ತಿದ್ದರೆ ನಿಧಾನ ಮಾಡಿ ಅಂದೆ. ಅವಳು ನನ್ನ ತುಟಿಯನ್ನೇ ನೋಡುತ್ತಿದ್ದವಳು ನಕ್ಕಳು. "ಬಲಗಿವಿ ಗಿರಣಿಗೆ ಹೋಯ್ತು, ಎಡಗಿವಿ ಅರ್ಧ ಹೋಗಿದೆ. ಯಾರಿಗೂ ಹೇಳಬೇಡ."

ಎಂಟನೆಯ ದಿನ ನಾನು ರಾಜಿ ಮಾಡಿಕೊಳ್ಳಿ ಅಂದೆ. ಅವಳು ಬಾಗಿಲ ಮೇಲಿನ ಹಲಗೆಯನ್ನು ಬಹಳ ಹೊತ್ತು ಓದಿದಳು. ಆಮೇಲೆ ಕೇಳಿದಳು: "ಮೇಲೇ ಸುತ್ತುತಾ ಇದ್ರೆ ಎಣ್ಣೆ ಖರ್ಚಾಗುತ್ತಾ?"

ಇಲ್ಲ ಅಂದೆ. ತಕ್ಕಷ್ಟು ವೇಗದಲ್ಲಿ ಅಡ್ಡಕ್ಕೆ ಓಡುತ್ತಿದ್ದರೆ ಹಡಗು ಗುಡಾಣವನ್ನು ಗಾಣದ ಎತ್ತಿನ ಹಾಗೆ ಸುತ್ತುತ್ತಲೇ ಇರುತ್ತದೆ, ಎಂಜಿನ್ನು ಆರಿಸಿದರೂ ಸರಿ. ವ್ಯಾಜ್ಯದ ಹಡಗುಗಳೆಲ್ಲ ಶುರುವಾಗುವುದೇ ಹಾಗೆ ಸುತ್ತುವುದರಿಂದ. ಆದರೆ ಯಾರೂ ಸುತ್ತುತ್ತಾ ಕೂರುವುದಿಲ್ಲ. ಜಗಳಕ್ಕೆ ಬಂದವರಿಗೆ ತಾಳ್ಮೆ ಎಲ್ಲಿಂದ ಬರಬೇಕು?

"ಮೇಷ್ಟ್ರು ದಿನಕ್ಕೆ ಎಷ್ಟು ಲೋಟ ಕಾಫಿ ಕುಡೀತಾರೆ?" ಎಂದಳು. ಗೋಡೆಗೆ ಗೋಡೆ ಅಂಟಿಕೊಂಡ ಮನೆ, ಅವಳಿಗೆ ನನಗಿಂತ ಚೆನ್ನಾಗಿ ಗೊತ್ತಿರಬೇಕು.

ಮರುದಿನ ಬೆಳಿಗ್ಗೆ ಇಳಿಕೆ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಗಿರಣಿ ನಿಂತರೆ ರೊಟ್ಟಿ ನಿಂತ ಹಾಗೆ, ಎಲ್ಲರ ಮನೆಯ ಪ್ರಶ್ನೆ. ಸರ್ವಮಂಗಳಮ್ಮ ಮುಖ ತೊಳೆದು, ಜರತಾರಿ ಅಂಚಿನ ಸೀರೆಯುಟ್ಟು, ಕೈಯಲ್ಲಿ ಒಂದು ಬುತ್ತಿ ಹಿಡಿದು ಬಂದಳು. ಮೇಷ್ಟ್ರು ಇಸ್ತ್ರಿ ಮಾಡಿದ ಬಿಳಿ ಷರಟಿನಲ್ಲಿ ಮೊದಲೇ ಕೂತಿದ್ದರು. "ಬನ್ನಿ ಸರ್ವಮಂಗಳಮ್ಮನೋರೇ" ಎಂದು ಅರ್ಧ ಎದ್ದು ಕುರ್ಚಿ ತೋರಿಸಿದರು. ನಾನಿನ್ನೂ ಗಂಟೆ ಹೊಡೆದಿರಲಿಲ್ಲ, ಅದು ಲೆಕ್ಕಕ್ಕಿಲ್ಲ.

ಗಂಟೆ ಹೊಡೆದೆ. ಮೇಷ್ಟ್ರು ಅಡ್ಡ ಓಟ ಕಳೆದುಕೊಂಡು, ಹೊಟ್ಟೆಯನ್ನು ನೆಲಕ್ಕೆ ಸಮನಾಗಿ ಹಿಡಿದು, ಹನ್ನೊಂದು ನಿಮಿಷದಲ್ಲಿ ಇಳಿಸಿದರು. ಒಂದು ಕಲ್ಲೂ ಅಲುಗಲಿಲ್ಲ. ಜನ ಬೇಸರದಲ್ಲೂ ತಲೆದೂಗಿದರು. ಮೇಷ್ಟ್ರು ಹಿಡಿಕೆ ಬಿಟ್ಟು, ಕೈ ಕಟ್ಟಿ, ಪಕ್ಕದ ಪರದೆಯ ಕಡೆ ನೋಡಿದರು. ಸರ್ವಮಂಗಳಮ್ಮನ ಹಡಗು ಎಲ್ಲಿತ್ತೋ ಅಲ್ಲೇ ಸುತ್ತುತ್ತಿತ್ತು. ಅವಳು ಬುತ್ತಿ ಬಿಚ್ಚಿ ಒಂದು ಚಕ್ಕುಲಿ ಮುರಿದಳು.

ಹನ್ನೆರಡಾಯಿತು. ಒಂದಾಯಿತು. ತಾವು ಹಿತ್ತಿಲಿಗೆ ಏಳಲೆಂದೇ ಅವಳು ಕಾಯುತ್ತಿದ್ದಾಳೆಂದು ಮೇಷ್ಟ್ರಿಗೆ ಈಗ ತಿಳಿಯಿತು. ತಿಳಿದದ್ದು ಜನಕ್ಕೂ ತಿಳಿದು ಕೋಣೆಯಲ್ಲಿ ಒಂದು ಕಿಸಕ್ಕನೆ ನಗು ಹಬ್ಬಿತು. ಯಾರೋ ಪುಣ್ಯಾತ್ಮರು ಬಾಗಿಲ ಹೊರಗೆ ಚೊಂಬಿನಿಂದ ಚೊಂಬಿಗೆ ಸಣ್ಣಗೆ ನೀರು ಸುರಿಯತೊಡಗಿದರು. ನಾನು ಹೋಗಿ ಗದರಿಸಿ ಬಂದೆ. ಹಲಗೆಯಲ್ಲಿ ಅದು ತಪ್ಪೆಂದು ಬರೆದಿರಲಿಲ್ಲವಾದರೂ.

"ನಾನೂ ನಿನ್ನೆ ಸಂಜೆಯಿಂದ ನೀರು ಮುಟ್ಟಿಲ್ಲ ಸರ್ವಮಂಗಳಮ್ಮನೋರೇ" ಎಂದರು ಮೇಷ್ಟ್ರು, ಪರದೆಯಿಂದ ಕಣ್ಣು ತೆಗೆಯದೆ. "ವ್ಯಾಜ್ಯದ ಹಿಂದಿನ ದಿನ ನನ್ನದು ಯಾವಾಗಲೂ ಅದೇ ಪಥ್ಯ."

"ಏನಂದ್ರಿ?" ಎಂದಳು ಅವಳು. ನಾನು ಅವಳ ಎಡಗಡೆ ಬಗ್ಗಿ ಹೇಳಿದೆ. ಅವಳ ಕೈಯಲ್ಲಿದ್ದ ಚಕ್ಕುಲಿ ಅಲ್ಲೇ ನಿಂತಿತು. ಅವಳ ಬಳಿ ಇದ್ದದ್ದು ಅದೊಂದೇ ಉಪಾಯ.

ಮೂರಾಯಿತು, ನಾಲ್ಕಾಯಿತು. ಸೆಕೆಗೆ ಜನ ಹೊರಗೆ ಹೋಗಿ ಬಂದರು. ಅವರಿಬ್ಬರು ಮಾತ್ರ ಕದಲಲಿಲ್ಲ. ಮೇಷ್ಟ್ರ ಬೆನ್ನು ಕುರ್ಚಿಗೆ ತಾಗದೆ ನೆಟ್ಟಗೇ ಇತ್ತು. ಸರ್ವಮಂಗಳಮ್ಮ ಒಮ್ಮೆ ನನ್ನ ಕಡೆ ನೋಡಿದಳು. ಆ ನೋಟದಲ್ಲಿ ನಗು ಇರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಹೆಂಗಸರ ಕೈಯಲ್ಲಿ ಜೋಳದ ಡಬ್ಬಿಗಳಿದ್ದವು; ವ್ಯಾಜ್ಯ ಮುಗಿದ ಕೂಡಲೇ ಬೀಸಿಸಿಕೊಂಡು ಹೋಗೋಣವೆಂದು ಬೆಳಿಗ್ಗೆಯೇ ತಂದವರು, ಈಗ ಡಬ್ಬಿಗಳ ಮೇಲೇ ಕೂತಿದ್ದರು.

ಬೀದಿಯ ಬೆಳಕು ಹಳದಿಗೆ ತಿರುಗಿತು. "ಇನ್ನು ಅರ್ಧ ಗಂಟೆಗೆ ದೀಪ" ಎಂದು ನಾನು ಕೂಗಿ ಹೇಳಬೇಕಾಯಿತು, ಅದು ನನ್ನ ಕೆಲಸ. ಸರ್ವಮಂಗಳಮ್ಮ ಸೆರಗಿನಿಂದ ಅಂಗೈ ಒರೆಸಿಕೊಂಡು ಹಿಡಿಕೆ ಹಿಡಿದಳು.

ಅಡ್ಡ ಓಟ ಕಳೆಯುವುದನ್ನು ಚೆನ್ನಾಗಿಯೇ ಮಾಡಿದಳು, ಅಷ್ಟು ನನ್ನಿಂದ ಕಲಿತಿದ್ದಳು. ಹಡಗು ಬೀಳತೊಡಗಿತು. ಪರದೆಯ ಮೂಲೆಯ ವೇಗದ ಅಂಕಿ ಮೂವತ್ತಾಯಿತು, ನಲವತ್ತೈದಾಯಿತು. ಅವಳ ತಲೆ ಮುಂದಕ್ಕೆ ಬಾಗಿತು. ತಲೆಯ ಜೊತೆಗೆ ಕೈ, ಕೈಯ ಜೊತೆಗೆ ಹಡಗಿನ ಮೂತಿ. ನಾನು ಕಣ್ಣು ಮುಚ್ಚಿಕೊಂಡೆ.

"ಮೂತಿ" ಎಂದಿತು ಒಂದು ದನಿ, ಹಲ್ಲು ಕಚ್ಚಿ ಹೇಳಿದ ಹಾಗೆ.

ಕಣ್ಣು ಬಿಟ್ಟೆ. ಮೇಷ್ಟ್ರ ಕಟ್ಟಿದ ಕೈ ಬಿಚ್ಚಿತ್ತು. ಬೆರಳುಗಳು ತೊಡೆಯ ಮೇಲೆ ಇಲ್ಲದ ಹಿಡಿಕೆಯನ್ನು ಹಿಂದಕ್ಕೆಳೆಯುತ್ತಿದ್ದವು.

"ಮೂತಿ ಎತ್ತಿ ಸರ್ವಮಂಗಳಮ್ಮನೋರೇ."

ಅವಳಿಗೆ ಕೇಳಿಸಲಿಲ್ಲ. ಅಂಕಿ ಅರವತ್ತು ದಾಟಿತು.

"ಮೂತಿ ಎತ್ತಮ್ಮ" ಎಂದರು ಮೇಷ್ಟ್ರು ಗಟ್ಟಿಯಾಗಿ. ಕೇಳಿಸಲಿಲ್ಲ. ಆಗ ಮೂವತ್ತು ವರ್ಷ ಮೈದಾನದ ಆ ತುದಿಗೆ ಕೇಳಿಸಿದ ಗಂಟಲು ಒಮ್ಮೆಲೇ ತೆರೆಯಿತು. "ಏ ಸರ್ವಮಂಗಳಾ, ಮೂತಿ ಎತ್ತೇ."

ಬಾಗಿಲಲ್ಲಿದ್ದ ಒಬ್ಬಾಕೆ ತನಗೇ ಹೇಳಿದರೆಂದು ಮುಖ ಮೇಲೆತ್ತಿದಳು. ಸರ್ವಮಂಗಳಮ್ಮ ಎತ್ತಿದಳು.

"ಇನ್ನೂ. ಇನ್ನೂ. ಸಾಕು. ಈಗ ಕೆಳಗೆ ನೋಡಬೇಡ, ಅಂಕಿ ನೋಡು. ಪೂರ್ತಿ ಕಸುವು ಕೊಡು."

"ನೆಲ ಕಾಣಲ್ಲ ಮೇಷ್ಟ್ರೇ."

"ನೆಲ ಎಲ್ಲಿಗೂ ಹೋಗಲ್ಲ. ಅಂಕಿ ಎಷ್ಟಿದೆ ಹೇಳು."

"ಐವತ್ತೆರಡು. ಐವತ್ತು."

"ಇಳೀತಿದೆ. ಬಿಡಬೇಡ. ಬಲಕ್ಕೆ ವಾಲ್ತಿದೆ, ಎಡಕ್ಕೆ ಚೂರು. ಅಯ್ಯೋ ಅಷ್ಟಲ್ಲ, ಉಪ್ಪು ಹಾಕಿದ ಹಾಗೆ, ಚಿಟಿಕೆ."

ಮೇಷ್ಟ್ರು ಕುರ್ಚಿಯ ತುದಿಗೆ ಬಂದಿದ್ದರು. ಏಳುವ ಹಾಗಿಲ್ಲ, ಅವಳ ಹಿಡಿಕೆ ಮುಟ್ಟುವ ಹಾಗಿಲ್ಲ. ಹಾಗಾಗಿ ಕೂತಲ್ಲಿಂದಲೇ ಎರಡೂ ತೋಳು ಚಾಚಿ, ತಾವೇ ಹಡಗಾಗಿ, ವಾಲಿದರೆ ವಾಲಿ, ಏರಿದರೆ ಏರಿ ತೋರಿಸುತ್ತಿದ್ದರು. ಅವಳು ಪರದೆಯನ್ನು ಅರ್ಧ, ಅವರ ತೋಳುಗಳನ್ನು ಅರ್ಧ ನೋಡುತ್ತಿದ್ದಳು. ಅಂಕಿ ಇಪ್ಪತ್ತಾಯಿತು, ಹನ್ನೆರಡಾಯಿತು.

"ಕಾಲು ಬಿಡು. ಹಡಗಿನ ಕಾಲು ಕಣೇ, ನಿನ್ನದಲ್ಲ. ಹಾಂ. ಈಗ ಉಸಿರಾಡ್ತಾ ಬಾ. ನಾಲ್ಕು. ಮೂರು. ಹಂಗೇ ಇಟ್ಟುಬಿಡು."

ಹಡಗು ಧಡಕ್ಕನೆ ಕೂತಿತು. ಧೂಳು ಪರದೆಯ ಮೇಲಂಚಿನ ತನಕ ಎದ್ದಿತು. ಒಂದು ಕಾಲು ಸೊಟ್ಟಗಾಯಿತು. ಆದರೆ ಒಡೆಯಲಿಲ್ಲ.

ನಾನು ಗಂಟೆ ಹೊಡೆದು, ಇಬ್ಬರೂ ಇಳಿಸಿದ್ದಾರೆ, ಇದ್ದದ್ದು ಇದ್ದ ಹಾಗೇ ಎಂದು ಸಾರಿದೆ. ಗಿರಣಿ ಏಳಕ್ಕೆ ಶುರುವಾಗಿ ಸಂಜೆಯ ತನಕ ನಡೆಯಬಹುದು. ಹೆಂಗಸರು ಜೋಳದ ಡಬ್ಬಿಗಳನ್ನು ತಟ್ಟಿದ ಸದ್ದಿಗೆ ಸೂರಿನ ಪಾರಿವಾಳಗಳು ಹಾರಿದವು. ಆಮೇಲಷ್ಟೇ ಮೇಷ್ಟ್ರಿಗೆ ತಾವು ಮಾಡಿಕೊಂಡದ್ದೇನೆಂದು ಹೊಳೆದಿರಬೇಕು. ತೋಳುಗಳನ್ನು ಮೆಲ್ಲಗೆ ಇಳಿಸಿ, ಬಿಚ್ಚಿಹೋಗಿದ್ದ ತೋಳಿನ ಗುಂಡಿ ಹಾಕಿಕೊಂಡರು.

"ಯಾಕೆ ಹೇಳಿಕೊಟ್ರಿ ಮೇಷ್ಟ್ರೇ?" ಎಂದು ಜನರ ನಡುವಿನಿಂದ ಯಾರೋ ಕೇಳಿದರು. "ಸುಮ್ನಿದ್ದಿದ್ರೆ ಗೆದ್ದಿರ್ತಿದ್ರಿ."

"ಹಡಗು ಏನು ತಪ್ಪು ಮಾಡಿತ್ತು?" ಎಂದರು ಮೇಷ್ಟ್ರು. ಆಮೇಲೆ ಮೂತಿಯ ವಿಷಯ ಮತ್ತೆ ನೆನಪಾಗಿ ಸಿಟ್ಟು ಬಂತು. "ಕಣ್ಣೆದುರಿಗೆ ಹಂಗೆ ತಲೆ ಕೆಳಗೆ ಮಾಡಿಕೊಂಡು ಬೀಳ್ತಿದ್ರೆ ಹೆಂಗ್ರೀ ಕೂತಿರೋದು?"

ಮೇಷ್ಟ್ರು ಸುಮ್ಮನೆ ನೋಡುತ್ತಾ ಕೂರಲಾರರೆಂದು ಸರ್ವಮಂಗಳಮ್ಮನಿಗೆ ಮೊದಲೇ ಗೊತ್ತಿತ್ತಾ ಎಂದು ನಮ್ಮೂರಿನಲ್ಲಿ ಈಗಲೂ ಚರ್ಚೆಯಿದೆ. ನಾನೇ ಒಮ್ಮೆ ಕೇಳಿದ್ದೇನೆ. "ಏನೂ ಗೊತ್ತಿರಲಿಲ್ಲಪ್ಪ, ಹೆದರಿಕೆಗೆ ಕೈ ಕಾಲು ತಣ್ಣಗಾಗಿತ್ತು" ಎಂದಳು. ನಾನು ನಂಬಿದ್ದೇನೆ. ಮೂವತ್ತು ವರ್ಷ ಒಂದೇ ಗೋಡೆಯ ಆ ಕಡೆ ಈ ಕಡೆ ಇದ್ದವರ ವಿಷಯದಲ್ಲಿ ಪೂರ್ತಿ ನಂಬುವುದು ಕಷ್ಟ, ಆದರೂ.

ಜನ ಕರಗಿದರು. ಮೇಷ್ಟ್ರು ಹಿತ್ತಿಲಿಗೆ ಓಡಿ ಹೋಗಿ ಬಂದರು, ಸರ್ವಮಂಗಳಮ್ಮನೂ ಹೋಗಿ ಬಂದಳು. ನಾನು ಯಂತ್ರ ಆರಿಸಲು ಕೈ ಚಾಚಿದೆ.

"ತಡಿ" ಎಂದಳು ಸರ್ವಮಂಗಳಮ್ಮ. "ಇವನ್ನ ಹಿಂಗೇ ಬಿಟ್ಟು ಹೋಗೋದಾ?"

"ಇನ್ನೇನು ಮಾಡ್ತಾರೆ? ಇಳಿದ ಮೇಲೆ ಮುಗೀತು" ಅಂದೆ.

"ಇಳಿದವರು ಏಳಬೇಡವಾ? ಮನೆಗೆ ಹೋಗಬೇಡವಾ ಆ ಹಡಗು?"

ನಾನು ಮೇಷ್ಟ್ರ ಮುಖ ನೋಡಿದೆ, ಮೇಷ್ಟ್ರು ಪರದೆ ನೋಡಿದರು. ಇಪ್ಪತ್ತೆರಡು ವರ್ಷದಲ್ಲಿ ಇದನ್ನು ಯಾರೂ ಕೇಳಿರಲಿಲ್ಲ. ತೀರ್ಪು ಬರುವುದು ಇಳಿದಾಗ. ಆಮೇಲೆ ನಾನು ಯಂತ್ರ ಆರಿಸುತ್ತೇನೆ, ಎಲ್ಲರೂ ಮನೆಗೆ ಹೋಗುತ್ತಾರೆ. ಗುಡಾಣದ ಮೇಲಿನಿಂದ ಇವತ್ತಿನ ತನಕ ಒಂದು ಹಡಗೂ ಮೇಲೆದ್ದಿರಲಿಲ್ಲ.

"ಹೆಂಗೆ ಎಬ್ಬಿಸೋದು ಮೇಷ್ಟ್ರೇ?"

ಮೇಷ್ಟ್ರ ನೆಟ್ಟಗಿದ್ದ ಬೆನ್ನು ಅವತ್ತು ಮೊದಲ ಸಲ ಕುರ್ಚಿಗೆ ತಾಗಿತು. "ನನಗೂ ಗೊತ್ತಿಲ್ಲ ಸರ್ವಮಂಗಳಾ" ಎಂದರು, ಸಣ್ಣ ದನಿಯಲ್ಲಿ. ಅವಳಿಗೆ ಹೇಗೆ ಕೇಳಿಸಿತೋ, ಕುರ್ಚಿಯನ್ನು ಅವರ ಕಡೆ ಅರ್ಧ ಮೊಳ ಎಳೆದುಕೊಂಡು ಕೂತಳು.

ಜಗಳವಿಲ್ಲದೆ ಆ ಕುರ್ಚಿಗಳಲ್ಲಿ ಕೂರುವ ಹಾಗಿಲ್ಲ ಎಂದು ನಾನು ಹೇಳಬೇಕಿತ್ತು. ಹೇಳಲಿಲ್ಲ, ದೀಪ ಹಚ್ಚುವ ನೆಪದಲ್ಲಿ ಅತ್ತ ಹೋದೆ. ಮೊದಲು ಮೇಷ್ಟ್ರು ಎಬ್ಬಿಸಿದರು. ಹಡಗು ಆಳೆತ್ತರ ಎದ್ದು, ಹಿಂದಿನ ದೊಡ್ಡ ಎಂಜಿನ್ನಿಗೆ ಕೆಲಸ ಕೊಡಲು ಮೂತಿಯನ್ನು ಆಕಾಶಕ್ಕೆ ತಿರುಗಿಸಿಕೊಳ್ಳುವಷ್ಟರಲ್ಲಿ ಮಗುಚಿ ಬಿದ್ದು ಚೂರುಚೂರಾಯಿತು. ನಮ್ಮೂರಿನಲ್ಲಿ ಓಂಕಾರಪ್ಪ ಮೇಷ್ಟ್ರು ಹಡಗು ಒಡೆದದ್ದನ್ನು ನೋಡಿದವರು ನಾವಿಬ್ಬರೇ. ಸರ್ವಮಂಗಳಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ತನ್ನ ಸೊಟ್ಟಕಾಲಿನ ಹಡಗನ್ನು ಎಬ್ಬಿಸಲು ಹೋದಳು, ಎದ್ದ ಕೂಡಲೇ ಅದು ಮೇಷ್ಟ್ರ ಹಡಗಿಗಿಂತ ದೊಡ್ಡ ಸದ್ದು ಮಾಡಿ ಒಡೆಯಿತು.

ಮೇಷ್ಟ್ರು ನಗಲಿಲ್ಲ. ಷರಟಿನ ತೋಳು ಮೊಣಕೈಯ ಮೇಲಕ್ಕೆ ಮಡಚಿ ನನ್ನ ಕಡೆ ತಿರುಗಿದರು.

"ಪಂಚಾಕ್ಷರಿ, ಮತ್ತೆ ಎರಡು ಹಡಗು ಹಾಕು" ಎಂದರು. "ಮೊದಲು ಇಳಿಸಬೇಕಲ್ಲ. ಇವಳದನ್ನೂ ಇಳಿಸಿಕೊಡ್ತೀನಿ."